ಒಂದೇ ತೆನೆಯ ಕಾಳು

ಆ ಮನೆಯಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಿ ಮುಗಿಸುವುದು ಹೊಸದೇನಲ್ಲ. ರೇಷನ್ ಅಂಗಡಿಯ ಯಂತ್ರ ಚಂದವ್ವನ ಹೆಬ್ಬೆರಳನ್ನು ಒಪ್ಪುವುದು ಬಿಟ್ಟು ಬಹಳ ದಿನವಾಗಿತ್ತು. ನಿಂಬೆಯ ಮುಳ್ಳು, ಹಣ್ಣಿನ ಹುಳಿ, ಹಂಚಿನ ಕಾವು ಎಲ್ಲ ಸೇರಿ ಬೆರಳಿನ ಗೆರೆಗಳನ್ನು ತಿಂದುಹಾಕಿದ್ದವು. ಅಂದಿನಿಂದ ಹಿರಿಯ ಸೊಸೆ ಸುರೇಖಾ ಹೋಗಿ ಹೆಬ್ಬಟ್ಟು ಒತ್ತಿದರೆ ಇಡೀ ಮನೆಯ ಅಕ್ಕಿ ಬರುತ್ತಿತ್ತು. ಸಂಘದ ಸಭೆಗೆ ಕಿರಿಯ ಸೊಸೆ ಸುಮಂಗಲಾ ಹೋಗಿ, ಅತ್ತೆಯ ಹೆಸರು ಕೂಗಿದಾಗಲೂ ತಾನೇ ‘ಹಾಂ’ ಅಂದು ಬರುತ್ತಿದ್ದಳು. ಯಜಮಾನ ಸೋಮನಿಂಗನಂತೂ ಮದುವೆಯಿರಲಿ, ಮಣ್ಣಿರಲಿ, ತಾನು ಕಟ್ಟೆ ಬಿಟ್ಟು ಏಳದೆ ಕಿರಿಮಗ ಸಂಗುವನ್ನು ಕಳಿಸಿ, “ನೀ ಹೋದ್ರ ನಾ ಹೋದಂಗ” ಎನ್ನುತ್ತಿದ್ದ.

ಹೀಗಾಗಿ ಸಾಲೋಟಗಿಯ ಶಾಲೆಯಲ್ಲಿ ಮೂವತ್ತು ದಾಟಿದ ಹೆಂಗಸರ ತಪಾಸಣೆಯ ಕ್ಯಾಂಪು ನಡೆದ ದಿನ ಚಂದವ್ವ ಮಾಡಿದ್ದು ಅವಳಿಗೆ ತಪ್ಪು ಅನಿಸಲೇ ಇಲ್ಲ.

ಆಶಾ ಕಾರ್ಯಕರ್ತೆ ಗುರವ್ವ ಒಬ್ಬೊಬ್ಬರ ಕೈಗೂ ಒಂದು ಸಣ್ಣ ಬ್ರಷ್ಷು, ಒಂದು ಮುಚ್ಚಳದ ನಳಿಗೆ ಕೊಟ್ಟು ಹೇಳಿದಳು: “ಆ ಖೋಲ್ಯಾಗ ಹೋಗಿ ನೀವ ತಕ್ಕೊಂಡು ಬರ್ರಿ. ಯಾರೂ ನೋಡಂಗಿಲ್ಲ, ಯಾರೂ ಮುಟ್ಟಂಗಿಲ್ಲ. ಗರ್ಭಚೀಲದ ಬಾಯಾಗ ಕ್ಯಾನ್ಸರ್ ತರೂ ವೈರಸ್ ಐತೇನು ಅಂತ ನೋಡ್ತಾರ, ಅಷ್ಟ.”

ಚಂದವ್ವ ನಳಿಗೆ ಹಿಡಿದು ಬಾಗಿಲಲ್ಲೇ ನಿಂತಳು. ಅವಳ ಮುಟ್ಟು ನಿಂತ ಮೇಲೆ ಹುಟ್ಟಿದ ಮೊಮ್ಮಗಳು, ಸುರೇಖಾಳ ಮಗಳು ಪ್ರಿಯದರ್ಶಿನಿ ಈಗ ಮಗ್ಗಿ ಹೇಳುತ್ತಿದ್ದಳು. ಆದರೂ ಶ್ರಾವಣದಿಂದ ಈಚೆಗೆ ಅವಳ ಬಟ್ಟೆಗೆ ಆಗಾಗ ಕೆಂಪು ತಾಗುತ್ತಿತ್ತು. ಎಲ್ಲರಿಗಿಂತ ಮೊದಲು ಎದ್ದು ಬಚ್ಚಲಲ್ಲಿ ಒಗೆದುಕೊಳ್ಳುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೆ ಅದು ಇಲ್ಲದಂತೆ.

“ಸುರೇಖಾ, ನನ್ನದೂ ನೀನ ತುಂಬಿ ಕೊಟ್ಟಬಿಡ” ಎಂದಳು, ನಳಿಗೆಯನ್ನು ಸೊಸೆಯ ಕೈಗೆ ತುರುಕಿ.

“ಅತ್ತಿ, ಇದು ಹಂಗ ನಡ್ಯಂಗಿಲ್ಲ.”

“ಹೆಬ್ಬಟ್ಟು ನಡೀತೈತಿ, ಇದ್ಯಾಕ ನಡ್ಯಂಗಿಲ್ಲ? ಹೋಗ, ರೊಟ್ಟಿ ಹೊತ್ತಾತು.”

ಸುರೇಖಾ ಎಂ.ಎಸ್ಸಿ. ಓದಿದವಳು. ಇಂಡಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಪಾಠ ಹೇಳಿ ಬರುತ್ತಿದ್ದಳು. ಆದರೆ ಗಂಡ ಅರುಣಕುಮಾರ ನಿಂಬೆ ತುಂಬಿದ ಟೆಂಪೊ ಓಡಿಸುತ್ತ ಝಳಕಿಯ ಹೆದ್ದಾರಿಯಲ್ಲಿ ಸತ್ತ ಮೇಲೆ ಅವಳು ಯಾವುದಕ್ಕೂ ಬೇಡ ಅನ್ನುವುದನ್ನು ಬಿಟ್ಟಿದ್ದಳು, ಬೇಕು ಅನ್ನುವುದನ್ನೂ. ಎರಡೂ ನಳಿಗೆ ಹಿಡಿದು ಒಳಗೆ ಹೋದಳು. ಹೊರಗೆ ಬಂದು ಎರಡನ್ನೂ ಗುರವ್ವನ ಡಬ್ಬಿಯಲ್ಲಿ ಇಟ್ಟಳು.

*

ದೀಪಾವಳಿ ಕಳೆದ ಮೇಲೆ ಗುರವ್ವ ಮನೆಗೆ ಬಂದಳು. ಅಂಗಳದಲ್ಲಿ ಎಲ್ಲರೂ ಕೂತು ನಿಂಬೆಹಣ್ಣು ಆರಿಸುತ್ತಿದ್ದರು. ದಪ್ಪದ್ದು ಒಂದು ಕಡೆ, ಸಣ್ಣದ್ದು ಒಂದು ಕಡೆ, ಕಲೆ ಬಿದ್ದದ್ದು ಉಪ್ಪಿನಕಾಯಿಗೆ. ಗುರವ್ವ ಸುರೇಖಾಳನ್ನು ಗೋಡೆಯ ಕಡೆಗೆ ಕರೆದು ಸಣ್ಣ ದನಿಯಲ್ಲಿ ಹೇಳಿದಳು. ಸಣ್ಣ ದನಿಯಲ್ಲಿ ಹೇಳಿದ್ದನ್ನು ಕೇಳುವುದರಲ್ಲಿ ಸುಮಂಗಲಾ ಪಳಗಿದವಳು.

ಮಧ್ಯಾಹ್ನದ ಊಟಕ್ಕೆ ಸುರೇಖಾಳ ಗಂಗಾಳ ಎಲ್ಲರ ತಾಟುಗಳ ಬುಟ್ಟಿಯಲ್ಲಿ ಇರಲಿಲ್ಲ. ಅದು ಕಿಟಕಿಯ ಕಟ್ಟೆಯ ಮೇಲೆ, ಅವಳ ಚರಿಗೆಯ ಜೊತೆ, ಬೇರೆಯಾಗಿ ಕೂತಿತ್ತು.

“ಇದ್ಯಾಕ ಇಲ್ಲೈತಿ?” ಚಂದವ್ವ ಕೇಳಿದಳು.

“ಅಕ್ಕಗ ವೈರಸ್ ಬಂದೈತ್ರಿ ಅತ್ತಿ. ಹದಿನಾರನೇ ನಂಬರದ್ದು. ಮನ್ಯಾಗ ಹುಡುಗಿ ಐತಿ, ನಾಳಿ ನನಗೂ ಮಕ್ಕಳಾಗೂದೈತಿ. ನಾ ಏನ್ ಅಂದೆ? ಗಂಗಾಳ ಅಷ್ಟ ಬ್ಯಾರೆ ಇಟ್ಟೇನಿ.”

ಸಂಗು ರೊಟ್ಟಿ ಮುರಿಯುತ್ತ ಅಂದ: “ಅದು ಹೆಂಗ ಬರತೈತಿ ಅಂತ ಫೋನಿನ್ಯಾಗ ನೋಡೀನಿ. ಗಂಡ ಹೆಂಡ್ತಿ ಕೂಡೂದರಿಂದ ಬರತೈತಂತ.”

ಸುಮಂಗಲಾ ಮಜ್ಜಿಗೆ ಹಾಕುತ್ತ, ಯಾರ ಕಡೆಗೂ ನೋಡದೆ ಅಂದಳು: “ಭಾವನವರು ಹೋಗಿ ಎರಡು ವರ್ಷಾತು. ಅಕ್ಕ ದಿನಾ ಇಂಡಿಗೆ ಹೋಗಿ ಬರ್ತಾರ. ನನಗೇನ ಗೊತ್ತ್ರಿ?”

ಸುರೇಖಾ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. ಅವಳ ಮುಖದಲ್ಲಿ ಏನೂ ಆಗಲಿಲ್ಲ. ಅದನ್ನೇ ಚಂದವ್ವನಿಗೆ ತಡೆಯಲಾಗಲಿಲ್ಲ.

“ಏ ಸುಮಂಗಲಾ, ಗಂಗಾಳದಿಂದ ಬರೂದಾದ್ರ ಇಂಡಿ ಬಸ್ಸಿನ ಮಾತ್ಯಾಕ ತಗದಿ? ಇಂಡಿ ಬಸ್ಸಿನಾಗ ಬರೂದಾದ್ರ ಗಂಗಾಳ್ಯಾಕ ಬ್ಯಾರೆ ಇಟ್ಟಿ? ಎರಡರಾಗ ಒಂದು ಹೇಳ.”

“ನಾ ಏನೂ ಹೇಳಂಗಿಲ್ಲ ಬಿಡ್ರಿ. ಹೇಳಿದ್ರ ನಾ ಕೆಟ್ಟಾಕಿ.”

ಪ್ರಿಯದರ್ಶಿನಿ ತನ್ನ ಗಂಗಾಳ ಎತ್ತಿಕೊಂಡು ಹೋಗಿ ಕಿಟಕಿಯ ಕಟ್ಟೆಯ ಮೇಲೆ ಅವ್ವನ ಗಂಗಾಳದ ಪಕ್ಕ ಇಟ್ಟಳು. ಸುರೇಖಾ ಎದ್ದು ಬಂದು ಅದನ್ನು ಮತ್ತೆ ಬುಟ್ಟಿಗೇ ಹಾಕಿದಳು. ಅಂದಿನಿಂದ ಅವಳು ಬಡಿದ ರೊಟ್ಟಿಯನ್ನು ಸುಮಂಗಲಾ ತಿನ್ನಲಿಲ್ಲ. ಅನ್ನ ಮಾಡಿಕೊಂಡು ತಿಂದಳು. ಸಂಗುವೂ ಎರಡು ದಿನ ಅನ್ನ ತಿಂದು, ಮೂರನೇ ದಿನ ಹೊಟ್ಟೆ ತುಂಬದೆ ರೊಟ್ಟಿಗೆ ಬಂದ.

*

ಚಂದವ್ವನ ಹೆಸರಿನ ನಳಿಗೆಗೆ ಸಂಗುವಿನ ಫೋನ್ ನಂಬರು ಕೊಟ್ಟಿದ್ದರು. ಆ ಫೋನು ಬಂದಾಗ ಅವನ ಕೈಯೆಲ್ಲ ಗಿಡಕ್ಕೆ ಹೊಡೆಯುವ ಔಷಧಿ. ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದ. ಅಂಗಳದಲ್ಲಿದ್ದವರೆಲ್ಲ ಕೇಳಿದರು: ಚಂದವ್ವ ಸೋಮನಿಂಗ, ಪಾಸಿಟಿವ್, ಹದಿನಾರು. ವಿಜಾಪುರಕ್ಕೆ ಬಂದು ತೋರಿಸಬೇಕು.

ಸುಮಂಗಲಾಳ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಸೋಮನಿಂಗ ಬೀಡಿ ತೆಗೆದು ಹೆಂಡತಿಯ ಕಡೆ ನೋಡಿದ.

“ಮುದುಕಿ, ನಿನಗೆಲ್ಲಿಂದ ಬಂತ ಇದು?”

“ತವರಮನಿ ಮುಳವಾಡದಿಂದ ಗಂಡನ ಮನಿಗೆ ನಡೀಲಿಕ್ಕೆ ಬರೂಮುಂದ ಉಡ್ಯಾಗ ಕಟಗೊಂಡು ಬಂದಿದ್ದೆ” ಎಂದಳು ಚಂದವ್ವ.

ಸೋಮನಿಂಗ ನಕ್ಕ. ಹರೆಯದಲ್ಲಿ ತಾನು ಸೋಲಾಪುರದ ಗಿರಣಿಯಲ್ಲಿ ಇದ್ದಾಗ ಎಂಥೆಂಥ ರೋಗ ನೋಡಿದ್ದೆ, ಒಂದಾದರೂ ತನ್ನ ಹತ್ತಿರ ಸುಳಿದಿತ್ತೇನು ಎಂದು ಹಳೆಯ ಕಥೆ ಹೂಡಿದ. ಗಿರಣಿಯ ಮಾತು ಶುರುವಾದರೆ ಎಲ್ಲರೂ ಎದ್ದು ಕೆಲಸಕ್ಕೆ ಹೋಗುವುದು ವಾಡಿಕೆ. ಅಂದೂ ಎದ್ದರು.

ಸಂಜೆಯ ಹೊತ್ತಿಗೆ ಮನೆಯ ಗಾಳಿಯೇ ತಿರುಗಿತ್ತು. ಅತ್ತೆಗೆ ಬಂದ ಮೇಲೆ ಅದು ನಡತೆಯ ರೋಗ ಆಗಲು ಸಾಧ್ಯವಿರಲಿಲ್ಲ. “ನೀರಿಂದ ಬಂದಿರಬೇಕು” ಎಂದ ಸಂಗು. “ಆ ಸಂಡಾಸಿಂದ” ಎಂದಳು ಸುಮಂಗಲಾ. ಅತ್ತೆಯ ಗಂಗಾಳ ಬೇರೆ ಇಡುವ ಧೈರ್ಯ ಅವಳಿಗೆ ಇರಲಿಲ್ಲ. ಅತ್ತೆಯದು ಬುಟ್ಟಿಯಲ್ಲಿದ್ದರೆ ಅಕ್ಕನದನ್ನು ಕಿಟಕಿಯಲ್ಲಿ ಇಡಲೂ ಬರುತ್ತಿರಲಿಲ್ಲ. ಊಟದ ಹೊತ್ತಿಗೆ ಎಲ್ಲ ಗಂಗಾಳಗಳೂ ಒಂದೇ ಬುಟ್ಟಿಯಲ್ಲಿದ್ದವು. ಸುಮಂಗಲಾ ಸುರೇಖಾಳ ರೊಟ್ಟಿಗೆ ಕೈ ಹಾಕಿ, “ಅಕ್ಕಾ, ತೆಳ್ಳಗ ಬಡದೀರಿ ಇವತ್ತ” ಎಂದಳು.

ಮರುದಿನ ತೋಟದಲ್ಲಿ ಸುರೇಖಾ ಅತ್ತೆಯನ್ನು ಹಿಡಿದಳು.

“ಎರಡೂ ನನ್ನವ ಅತ್ತಿ. ನಿಮ್ಮದು ಯಾರೂ ನೋಡೇ ಇಲ್ಲ. ಹೇಳಿಬಿಡೂಣು.”

“ಸುಮ್ನಿರ. ನನ್ನ ಮಾರಿಗಿ ಯಾರೂ ಮಸಿ ಹಚ್ಚಂಗಿಲ್ಲ, ನನಗ ವಯಸ್ಸಾಗೈತಿ. ನಿನ್ನ ಮಾರಿ ಸ್ವಚ್ಛ ಆತಿಲ್ಲ? ದೇವ್ರ ಮಾಡಿಸಿದ ತಪ್ಪದು.”

“ನಿಮಗ ಖರೇನ ಏನರ ಇದ್ರ?”

“ನನಗೇನಾಗೈತಿ? ಎಮ್ಮಿ ಇದ್ದಂಗ ಅದೇನಿ.”

ಆ ಮಾತು ಹೇಳಿ ಚಂದವ್ವ ಬುಟ್ಟಿ ಎತ್ತಿಕೊಂಡು ಮುಂದಿನ ಸಾಲಿಗೆ ಹೋದಳು. ನಡುವಿನ ನೋವಿಗೆ ಸೆರಗು ಬಿಗಿಯಾಗಿ ಸುತ್ತಿದ್ದಳು.

*

ವಿಜಾಪುರದ ದವಾಖಾನೆಯಲ್ಲಿ ಡಾಕ್ಟರಬಾಯಿ ಮೊದಲು ಸುರೇಖಾಳನ್ನು ಒಳಗೆ ಕರೆದರು. ಗರ್ಭಚೀಲದ ಬಾಯಿಯಲ್ಲಿ ಸಣ್ಣ ಬದಲಾವಣೆ ಇತ್ತು; ರೋಗವಲ್ಲ, ಬಿಟ್ಟರೆ ವರ್ಷಗಳ ಮೇಲೆ ರೋಗವಾಗುವಂಥದು. ಅವತ್ತೇ ಸುಟ್ಟು ತೆಗೆದರು. ಸುರೇಖಾ ನಡೆದುಕೊಂಡೇ ಹೊರಗೆ ಬಂದು ಅತ್ತೆಯ ಪಕ್ಕ ಬೆಂಚಿನ ಮೇಲೆ ಕೂತಳು.

“ಈಗ ನಿಮ್ಮ ಪಾಳಿ” ಎಂದರು ಡಾಕ್ಟರಬಾಯಿ.

“ಇವತ್ತ ಬ್ಯಾಡ್ರಿ. ಮುಂದಿನ ವಾರ ಬರ್ತೇನಿ.”

“ಬಂದೀರಲ್ಲ, ತೋರಿಸಿಕೊಂಡ ಹೋಗ್ರಿ. ನನಗೂ ನಿಮ್ಮ ಮ್ಯಾಲ ಒಂದು ಕುತೂಹಲ ಐತಿ.” ಡಾಕ್ಟರಬಾಯಿ ಕುರ್ಚಿ ಎಳೆದುಕೊಂಡು ಎದುರು ಕೂತರು. “ಈ ವೈರಸ್ಸಿನಾಗ ಇನ್ನೂರಕ್ಕೂ ಹೆಚ್ಚು ಜಾತಿ ಅದಾವ. ಭಾಳಷ್ಟು ಏನೂ ಮಾಡಂಗಿಲ್ಲ. ಬಂದದ್ದು ಗೊತ್ತಾಗಂಗಿಲ್ಲ, ಹೋದದ್ದೂ ಗೊತ್ತಾಗಂಗಿಲ್ಲ. ಕ್ಯಾನ್ಸರ್ ತರೂವು ಒಂದಿಷ್ಟ. ಅದರಾಗೂ ಹದಿನಾರು, ಹದಿನೆಂಟು ಭಾಳ ಹಟಮಾರಿ. ಆ ಹದಿನಾರರ ಒಳಗೂ ಮತ್ತ ಕವಲು ಅದಾವ. ಮೈಯ್ಯಾಗ ಬೇರು ಬಿಟ್ಟು ಕೂಡ್ರೂ ಕವಲು ಯಾವುದು, ತಾನಾಗಿ ಹೋಗೂದು ಯಾವುದು ಅಂತ ನಾವು ಇಲ್ಲಿ ಅಭ್ಯಾಸ ಮಾಡಾಕತ್ತೇವಿ.”

“ಜ್ವಾಳ ಇದ್ದಂಗ ಅನ್ರಿ” ಎಂದಳು ಚಂದವ್ವ. ಮಾತು ಬೇರೆ ಕಡೆ ಹೋದದ್ದು ಅವಳಿಗೆ ಹಿತವಾಗಿತ್ತು. “ನೋಡಾಕ ಎಲ್ಲಾ ಬಿಳಿ ಜ್ವಾಳನ. ಆದ್ರ ನಮ್ಮ ತವರಮನಿ ಮುಳವಾಡದ ಬೀಜ ಬ್ಯಾರೆ, ಇಲ್ಲೀ ಬೀಜ ಬ್ಯಾರೆ. ಹಿಟ್ಟು ನಾದೂಮುಂದ ಕೈಗೆ ತಿಳೀತೈತಿ.”

“ಖರೇ ಹೇಳಿದ್ರಿ. ಹಂಗ ಒಂದ ಜಾತಿಯೊಳಗೂ ವೈರಸ್ಸಿನ ಜೀನಿನ ಅಕ್ಷರ ಒಂದೆರಡು ಅತ್ತಿತ್ತ ಇರತಾವ. ನಿಮ್ಮಿಬ್ಬರ ನಳಿಗಿ ನೋಡಿದ್ರ ಒಂದ ಅಕ್ಷರನೂ ಅತ್ತಿತ್ತ ಇಲ್ಲ. ಒಂದ ಊರ ಬೀಜ ಅಲ್ಲ, ಒಂದ ಹೊಲದ್ದೂ ಅಲ್ಲ. ಒಂದ ತೆನಿ ಕಾಳು ಇದ್ದಂಗ ಅದಾವ.” ಡಾಕ್ಟರಬಾಯಿ ದನಿ ಇಳಿಸಿದರು. “ನಿಮ್ಮ ನಳಿಗಿ ನೀವ ತುಂಬೀರಿ ಹೌದಿಲ್ರಿ, ಅವ್ವಾರ?”

ಸುರೇಖಾ ನೆಲ ನೋಡುತ್ತಿದ್ದಳು. ಚಂದವ್ವ ಸೆರಗು ಸರಿಮಾಡಿಕೊಂಡಳು.

“ಮತ್ಯಾರ ತುಂಬತಾರ್ರಿ?”

“ಇರಲಿ. ಆದ್ರ ಒಂದು ಮಾತು. ಇದು ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಡಾಕ್ಟರೂ ಹೇಳಾಕ ಆಗಂಗಿಲ್ಲ. ಮದುವ್ಯಾದ ಹೊಸದಾಗ ಬಂದದ್ದು ಎಷ್ಟೋ ವರ್ಷ ಸುಮ್ಮನ ಮಲಗಿರತೈತಿ. ಗಂಗಾಳದಿಂದ ಬರಂಗಿಲ್ಲ, ನೀರಿಂದ ಬರಂಗಿಲ್ಲ. ಮನ್ಯಾಗ ಯಾರರ ಕೇಳಿದ್ರ ಇಷ್ಟು ಹೇಳ್ರಿ. ಮುಂದಿನ ವಾರ ತಪ್ಪಸಬ್ಯಾಡ್ರಿ.”

ಮುಂದಿನ ವಾರ ಚಂದವ್ವನಿಗೆ ತೋಟದ ಕೆಲಸ ಬಂತು. ಅದರ ಮುಂದಿನ ವಾರ ಎಮ್ಮೆ ಕರು ಹಾಕಿತು.

*

ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋದರು. ಸಜ್ಜೆಯ ಕಡಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಹೋಗಿ, ಬನ್ನಿಯ ಗಿಡದ ಬುಡದಲ್ಲಿ ಪೂಜೆ ಮಾಡಿ, ನಿಂತ ಜೋಳಕ್ಕೆ ಎಡೆಯ ಅಡುಗೆಯನ್ನು ಚರಗವಾಗಿ ಚೆಲ್ಲಿ, ಅಲ್ಲೇ ಕಂಬಳಿ ಹಾಸಿ ಉಣ್ಣುವುದು ಪದ್ಧತಿ. ಆ ವರ್ಷ ಪೈರು ಎದೆಯೆತ್ತರ ಇತ್ತು. ಚಂದವ್ವ ಚರಗದ ಬುಟ್ಟಿ ಹಿಡಿದು ಸಾಲಿನಲ್ಲಿ ಮುಂದೆ ಹೋಗುತ್ತಿದ್ದಳು. ಹಿಂದೆ ಸುರೇಖಾ ನೀರು ಚಿಮುಕಿಸುತ್ತ ಬರುತ್ತಿದ್ದಳು. ನಡುವೆ ಒಂದು ಕಡೆ ಸುರೇಖಾ ನಿಂತಳು.

“ಅತ್ತಿ, ತಿರುಗಬ್ಯಾಡ್ರಿ. ನಿಲ್ರಿ.”

ಅವಳು ತನ್ನ ಹೊದಿಕೆಯನ್ನು ತೆಗೆದು ಅತ್ತೆಯ ಸೊಂಟಕ್ಕೆ ಸುತ್ತಿದಳು. ಆಗ ಚಂದವ್ವನಿಗೂ ತಿಳಿಯಿತು. ಹಸಿರು ಇಳಕಲ್ ಸೀರೆ. ಕಲೆ ಮುಚ್ಚುವ ಬಣ್ಣವಲ್ಲ.

“ಯಾವಾಗಿಂದ?”

“ಇವತ್ತ ಅಷ್ಟ.”

“ಯಾವಾಗಿಂದ ಅತ್ತಿ?”

“ಶ್ರಾವಣದಿಂದ.”

ಸುರೇಖಾ ಹೊದಿಕೆಯ ಗಂಟು ಕಟ್ಟಿದಳು. ಆಮೇಲೆ ಮಾತಾಡಿದಾಗ ಅವಳ ದನಿ ಜೋಳದ ಆಚೆಗೂ ಕೇಳುವಂತಿತ್ತು. ಎರಡು ವರ್ಷಗಳಲ್ಲಿ ಆ ದನಿಯನ್ನು ಯಾರೂ ಕೇಳಿರಲಿಲ್ಲ.

“ಇಷ್ಟು ದಿನ ನನ್ನ ಹೆಸರು ಕಾಯ್ಕೋತ ಕುಂತ್ರ್ಯಾ? ಒಬ್ಬರನ್ನ ಮಣ್ಣಾಗ ಇಟ್ಟೇನಿ. ನನ್ನ ಹೆಸರು ತಗೊಂಡು ಏನ್ ಮಾಡ್ಲಿ? ಅದನ್ನೇನು ರೊಟ್ಟಿ ಮಾಡಿ ತಿನ್ಲ್ಯಾ? ನನ್ನ ತಪ್ಪೂ ಐತಿ. ಓದಿದಾಕಿ ಅಂದು ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೋಗಿ ಎಲ್ಲಾರ ಮುಂದ ಹೇಳ್ತೇನಿ.”

“ಅವ್ರು ಮತ್ತ ನಿನ್ನ ಗಂಗಾಳ ಕಿಟಕ್ಯಾಗ ಇಡ್ತಾರ ಹುಚ್ಚಿ.”

“ಇಡಲಿ. ಗಾಳಿ ಚಲೋ ಬರ್ತೈತಿ ಅಲ್ಲಿ.”

ಚಂದವ್ವ ಸೊಸೆಯ ಮುಖವನ್ನೇ ನೋಡಿದಳು. ಅಳುತ್ತಿರಲಿಲ್ಲ, ಆದರೆ ತುಟಿ ನಡುಗುತ್ತಿತ್ತು. ಆ ಮುಖದಲ್ಲಿ ಏನೋ ಆದದ್ದು ಕಂಡು ಚಂದವ್ವನಿಗೆ ಭಯಕ್ಕಿಂತ ಮೊದಲು ಸಮಾಧಾನವಾಯಿತು.

“ನೀ ಹೇಳಬ್ಯಾಡ. ನಂದು ನಾನ ಹೇಳ್ತೇನಿ” ಎಂದಳು.

ಕಂಬಳಿಯ ಮೇಲೆ ಎಲ್ಲರೂ ಊಟಕ್ಕೆ ಕೂತಿದ್ದರು. ಚಂದವ್ವ ನಿಂತೇ ಹೇಳಿದಳು. ಎರಡೂ ನಳಿಗೆ ಸುರೇಖಾ ತುಂಬಿದ್ದು, ತಾನೇ ಒತ್ತಾಯ ಮಾಡಿದ್ದು, ತನ್ನದನ್ನು ಇನ್ನೂ ಯಾರೂ ನೋಡಿಲ್ಲ, ಶ್ರಾವಣದಿಂದ ರಕ್ತ ಹೋಗುತ್ತಿದೆ. ಎಲ್ಲವನ್ನೂ ಬಜಾರದ ಸಾಮಾನು ಹೇಳಿದಂತೆ ಹೇಳಿದಳು.

ಸುಮಂಗಲಾಳ ಬಾಯಲ್ಲಿ ಕಡಬು ಇತ್ತು. ನುಂಗಿ ಅಂದಳು: “ಹಂಗಾದ್ರ ವೈರಸ್ ಇದ್ದದ್ದು ಅಕ್ಕಗ ಒಬ್ಬಾಕಿಗೆ.”

“ಹೌದ. ಇದ್ದದ್ದು ಆಕಿಗೆ, ಆಕಿ ಸುಡಿಸಿಕೊಂಡು ಬಂದಾಳ. ಯಾರು ತಂದ್ರು ಅಂತ ಕೇಳಾಕತ್ತೀಯಲ್ಲ, ಕೇಳ. ನನ್ನ ಅರುಣ ಹಣ್ಣಿನ ಗಾಡಿ ಹೊಡಕೊಂಡು ಹೈದರಾಬಾದಿಗೆ ಹೋದ್ರ ವಾರ ವಾರ ಬರತಿರಲಿಲ್ಲ. ಅವ ತಂದಿರಬಹುದು, ತರದಿರಬಹುದು. ಹಡದಾಕಿ ನಾ ಹೇಳಾಕತ್ತೇನಿ. ಅವನ್ನ ಕೇಳಾಕ ಹೋಗಂಗಿದ್ರ ಹೋಗಿ ಕೇಳಿ ಬಾ.”

“ಯವ್ವಾ” ಎಂದ ಸಂಗು.

“ನೀ ಸುಮ್ನ ಕೂಡ್ರ. ಎಲ್ಲಿಂದ ಬಂತು, ಎಲ್ಲಿಂದ ಬಂತು ಅಂತ ಎಲ್ಲಾರೂ ಕೇಳಿದ್ರಿ. ವಾಸಿ ಆಗೂದು ಹೆಂಗ ಅಂತ ಒಬ್ಬರರ ಕೇಳಿದ್ರ್ಯಾ?”

ಗಾಳಿಗೆ ಜೋಳದ ಗರಿ ಸದ್ದು ಮಾಡಿತು. ಸುಮಂಗಲಾ ಎದ್ದು ಅತ್ತೆಯ ಹತ್ತಿರ ಬಂದಳು. ಹೊದಿಕೆಯ ಗಂಟು ಸಡಿಲಾಗಿತ್ತು. ಅದನ್ನು ಬಿಗಿ ಮಾಡಿದಳು. “ಕೂಡ್ರಿ ಅತ್ತಿ” ಎಂದಳು. “ನಿಂತರ ಮತ್ತ ಹೋಗತೈತಿ.” ಆಮೇಲೆ ಸುರೇಖಾಳ ಕಡೆ ನೋಡದೆ, “ನಾಳಿ ನಾನೂ ಬರ್ತೇನಿ ವಿಜಾಪುರಕ್ಕ. ನಂದೂ ನೋಡ್ಸತೇನಿ” ಎಂದಳು.

“ಬಾ. ನಿನ್ನ ನಳಿಗಿ ಮಾತ್ರ ಈಕಿ ಕೈಯಾಗ ಕೊಡಬ್ಯಾಡ” ಎಂದಳು ಚಂದವ್ವ. “ಇಲ್ಲ ಅನ್ನಾಕ ಬರಂಗಿಲ್ಲ ಈಕಿಗೆ.”

“ಈಗ ಬರತೈತಿ” ಎಂದಳು ಸುರೇಖಾ.

*

ಈ ಸಲ ಚಂದವ್ವ ಒಳಗೆ ತಾನೇ ಹೋದಳು. ಡಾಕ್ಟರಬಾಯಿ ನೋಡಿ, ಒಂದು ಚೂರು ತೆಗೆದು ತಪಾಸಣೆಗೆ ಕಳಿಸಿದರು. ಬೈಯಲಿಲ್ಲ. “ಒಂದ ತೆನಿ ಅಂತ ಅವತ್ತ ಅಂದಿದ್ದೆ ನಾ” ಎಂದಷ್ಟೇ ಹೇಳಿದರು.

ಸಂಕ್ರಾಂತಿಯ ಹಿಂದಿನ ದಿನ ಸುರೇಖಾ ಮತ್ತು ಸಂಗು ಹೋಗಿ ಫಲಿತಾಂಶ ಕೇಳಿಕೊಂಡು ಬಂದರು. ಸುಮಂಗಲಾಳದು ಏನೂ ಇರಲಿಲ್ಲ. ಚಂದವ್ವನದು ರೋಗವೇ ಆಗಿತ್ತು. ಆದರೆ ಇನ್ನೂ ಚೀಲದ ಬಾಯಿ ದಾಟಿರಲಿಲ್ಲ. ಬರುವ ಸೋಮವಾರ ಆಪರೇಷನ್ನು. ಚೀಲ ತೆಗೆಯುತ್ತಾರೆ, ತೆಗೆದರೆ ಬದುಕುವ ಭರವಸೆ ದೊಡ್ಡದು ಎಂದಿದ್ದರು. ಇನ್ನಷ್ಟು ತಡಮಾಡಿದ್ದರೆ ಆ ಮಾತು ಹೇಳಲು ಬರುತ್ತಿರಲಿಲ್ಲ ಎಂದೂ ಅಂದಿದ್ದರು.

ಎಲ್ಲರೂ ಊಟಕ್ಕೆ ಕೂತ ಮೇಲೆ ಸುರೇಖಾ ಇದನ್ನೆಲ್ಲ ಹೇಳಿದಳು. ಚಂದವ್ವ ಅಂದು ಬಡಿಸಲಿಲ್ಲ, ಸುಮಂಗಲಾ ಬಡಿಸುತ್ತಿದ್ದಳು. ಚಂದವ್ವ ಗಂಡನ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದಳು.

“ಮತ್ತ ಅದರ ನಂಬರ ಎಷ್ಟಂತ್ರಿ ಅಕ್ಕಾ?” ಸುಮಂಗಲಾ ಪಲ್ಲೆ ಹಾಕುತ್ತ ಕೇಳಿದಳು. “ಅದೂ ಹದಿನಾರನ?”

“ಅಲ್ಲ. ಹದಿನೆಂಟು.”

“ಹೌದಾ? ಅಂದ್ರ ಇದು ಬ್ಯಾರೇ ಬೀಜ. ಅಕ್ಕನ ಬೀಜಕ್ಕೂ ಇದಕ್ಕೂ ಸಂಬಂಧಿಲ್ಲ. ಹಂಗಾದ್ರ ಅತ್ತಿಗೆ ಇದು ಎಲ್ಲಿಂದ...”

ಸುಮಂಗಲಾ ನಾಲಿಗೆ ಕಚ್ಚಿಕೊಂಡಳು. ಪಲ್ಲೆಯ ಸೌಟು ಪಾತ್ರೆಯ ಮೇಲೆಯೇ ನಿಂತಿತು. ಸಂಗು ಗಂಗಾಳದೊಳಗೆ ತಲೆ ಹಾಕಿದ. ಸುರೇಖಾ ಹಂಚಿನ ಕಡೆ ತಿರುಗಿದಳು.

ಸೋಮನಿಂಗನ ಕೈಯಲ್ಲಿ ರೊಟ್ಟಿಯ ಚೂರು ಬಾಯಿಯ ಹತ್ತಿರ ಹೋಗಿ ನಿಂತಿತ್ತು. ಮುಳವಾಡದಿಂದ ಹದಿನೈದು ತುಂಬದ ಹುಡುಗಿಯಾಗಿ ಈ ಮನೆಗೆ ಬಂದವಳು ಈ ಅಂಗಳ, ಈ ತೋಟ ಬಿಟ್ಟು ಯಾರ ನೆರಳನ್ನೂ ಕಂಡವಳಲ್ಲ. ಅದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅಂದು ಅವನು ಸೋಲಾಪುರದ ಗಿರಣಿಯ ಮಾತು ತೆಗೆಯಲಿಲ್ಲ.

ಚಂದವ್ವ ಶೇಂಗಾ ಚಟ್ನಿಯ ಹಿಂಡಿ ಬಟ್ಟಲನ್ನು ಅವನ ಕಡೆ ಸರಿಸಿದಳು.

“ಹಿಂಡಿ ಹಚ್ಕೋರಿ. ಬರೇ ರೊಟ್ಟಿ ಗಂಟಲದಾಗ ಇಳ್ಯಂಗಿಲ್ಲ.”

ಅವನು ಹಚ್ಚಿಕೊಂಡ. ಒಂದು ತುತ್ತು ತಿಂದ. ಇನ್ನೊಂದು ತುತ್ತು ತಿಂದ. ಆಮೇಲೆ ಯಾರ ಕಡೆಗೂ ನೋಡದೆ ಅಂದ:

“ಸೋಮವಾರ ದವಾಖಾನಿಗೆ ನಾ ಬರ್ತೇನಿ. ಸಂಗೂನ ಕಳಸಂಗಿಲ್ಲ.”

“ಅಲ್ಲಿ ಭಾಳ ಹೊತ್ತು ಕೂಡ್ರಬೇಕಾಗತೈತಿ” ಎಂದಳು ಚಂದವ್ವ.

“ಕೂಡ್ರತೇನಿ.”

“ಬರ್ರಿ ಮತ್ತ” ಎಂದಳು ಅವಳು, ತನ್ನ ಗಂಗಾಳದ ಕಡೆ ತಿರುಗಿ. “ನಿಮ್ಮ ಪಾಲಿಂದು ನೀವ ಕೂಡ್ರಿ.”